ಮಕ್ಕಳನ್ನ ಯೋಗ್ಯರನ್ನಾಗಿ ಬೆಳೆಸೋಕೆ ಯಹೂದಿ ಶಾಸ್ತ್ರಗಳ ಭಾಷ್ಯಗಳಿಂದ ಕಲಿಯೋದು ಏನಾದ್ರೂ ಇದ್ಯಾ?

ಇದೆ, ತುಂಬಾನೇ ಇದೆ. ನಾನು ಯಹೂದಿ ಅಲ್ಲ, ಹೀಬ್ರೂನೂ ಬರಲ್ಲ, ಇಂಗ್ಲಿಷ್ ಅನುವಾದ ಇಟ್ಕೊಂಡು ಮೂರ್ನಾಲ್ಕು ವರ್ಷದಿಂದ ಓದ್ತಾ ಇರೋ ಎರಡು ಮಕ್ಕಳ ತಾಯಿ. ಇದು ನಮ್ಮಂಥವರ ಮನೆಗೂ ಉಪಯೋಗಕ್ಕೆ ಬರುತ್ತಾ, ಎಲ್ಲಿಂದ ಓದೋಕೆ ಶುರು ಮಾಡ್ಬೇಕು ಅಂತಾನೂ ಕೇಳಿದ್ದೀರಿ. ನನಗಂತೂ ಬಂದಿದೆ, ಅದರಲ್ಲೂ ಒಂದು ಕಥೆ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ.

ಯಹೂದಿಗಳ ಶಾಸ್ತ್ರದಲ್ಲೂ ಬೈಬಲ್‌ನಲ್ಲೂ ಮೊದಲಿಗೇ ಬರೋ ಆದಿಕಾಂಡದಲ್ಲಿ ಇಸಾಕ ರೆಬೆಕ್ಕ ಅನ್ನೋ ದಂಪತಿಗೆ ಅವಳಿ ಮಕ್ಕಳು ಹುಟ್ತಾರೆ, ಏಸಾವ ಮತ್ತೆ ಯಾಕೋಬ. ಏಸಾವ ಬೇಟೆಗಾರ, ಬಯಲಲ್ಲಿ ಅಲೆಯೋನು. ಯಾಕೋಬ ಸಾಧು, ಗುಡಾರದಲ್ಲೇ ಇರೋನು. ಮೂಲದಲ್ಲಿ ಇರೋದು ಇಷ್ಟೇ. ಆದರೆ ನಮ್ಮಲ್ಲಿ ಮೂಲಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ ಇರೋ ಹಾಗೆ ಅವರಲ್ಲೂ ಒಂದೊಂದು ಸಾಲಿನ ಮೇಲೆ ನೂರಾರು ವರ್ಷ ಚರ್ಚೆ ನಡೆದಿದೆ. ಫ್ರಾನ್ಸಿನ ತ್ರುವಾ ಊರಲ್ಲಿದ್ದ ರಾಶೀ (1040–1105) ಅನ್ನೋ ದೊಡ್ಡ ಭಾಷ್ಯಕಾರ ಹೇಳ್ತಾನೆ, ಹದಿಮೂರು ವರ್ಷ ಆಗೋವರೆಗೂ ಇಬ್ಬರಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ, ಆಮೇಲೆ ಒಬ್ಬ ಪಾಠಶಾಲೆಯ ಕಡೆ ಹೋದ, ಇನ್ನೊಬ್ಬ ವಿಗ್ರಹಾರಾಧನೆ ಕಡೆ ಹೋದ ಅಂತ.

ಇದನ್ನ ಓದಿದವರು ಸಾಮಾನ್ಯವಾಗಿ ಓಹೋ, ಒಬ್ಬ ಹುಟ್ಟಾ ಒಳ್ಳೆಯವನು ಒಬ್ಬ ಕೆಟ್ಟವನು ಅಂದ್ಕೊಂಡು ಮುಂದೆ ಹೋಗ್ತಾರೆ, ನಾನೂ ಹಾಗೇ ಹೋಗಿದ್ದೆ. ಆದರೆ 19ನೇ ಶತಮಾನದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದ್ದ ಸ್ಯಾಮ್ಸನ್ ರಾಫೆಲ್ ಹಿರ್ಶ್ ಅನ್ನೋ ರಬ್ಬಿ (ಅಂದ್ರೆ ಧರ್ಮಗುರು) ಇದೇ ಸಾಲಿನ ಹತ್ರ ನಿಂತು, ತಪ್ಪು ತಂದೆ ತಾಯಿದು ಅಂತಾನೆ! ಇಸಾಕ ಅಂದ್ರೆ ಅವರ ಮೂಲಪುರುಷರಲ್ಲಿ ಒಬ್ಬ, ದಿನಾ ಪ್ರಾರ್ಥನೆಯಲ್ಲಿ ಹೆಸರು ಹೇಳೋ ಅಂಥವನು, ಅವನನ್ನೇ ಹೀಗೆ ಪ್ರಶ್ನೆ ಮಾಡೋದು ಓದಿ ನನಗೆ ಆಶ್ಚರ್ಯ ಆಯ್ತು. ಹಿರ್ಶ್ ಹೇಳೋದೇನು ಅಂದ್ರೆ, ಇಬ್ಬರು ಮಕ್ಕಳ ಸ್ವಭಾವ ಬೇರೆ ಬೇರೆ ಇದ್ರೂ ಒಂದೇ ಬೆಂಚಲ್ಲಿ ಕೂರಿಸಿ ಒಂದೇ ಪಾಠ ಒಂದೇ ಕ್ರಮದಲ್ಲಿ ಕಲಿಸಿದ್ರು. ಏಸಾವನ ಶಕ್ತಿ, ಚುರುಕು, ಧೈರ್ಯ ಇವನ್ನೆಲ್ಲ ದೇವರ ಕೆಲಸಕ್ಕೆ ತಿರುಗಿಸಬಹುದಿತ್ತು, ಯಾರೂ ಅವನೊಳಗೆ ಏನಿದೆ ಅಂತ ನೋಡಲಿಲ್ಲ, ಅವನಿಗೆ ಆ ಪಾಠ ಹಿಡಿಸಲಿಲ್ಲ, ಯಾವಾಗ ಬಿಟ್ಟು ಓಡಿಹೋಗ್ತೀನೋ ಅಂತ ಕಾಯ್ತಾ ಇದ್ದ.

ಹಿರ್ಶ್ ಇದಕ್ಕೆ ಆಧಾರ ಕೊಡೋದು ಅದೇ ಶಾಸ್ತ್ರದ ಇನ್ನೊಂದು ಪುಸ್ತಕ, ಜ್ಞಾನೋಕ್ತಿಗಳು 22:6. ಮಗುವನ್ನ "ಅಲ್ ಪಿ ದರ್ಕೋ" ಬೆಳೆಸು ಅಂತಿದೆ ಅಲ್ಲಿ, ಅಂದ್ರೆ ಅವನ ದಾರಿಗೆ ತಕ್ಕ ಹಾಗೆ. ನಮ್ಮ ದಾರಿಗಲ್ಲ, ಅಕ್ಕಂದೋ ಪಕ್ಕದ ಮನೆಯವರದೋ ದಾರಿಗಲ್ಲ, ಅವನದಕ್ಕೆ.

ಇದನ್ನ ಓದಿದ ಟೈಮಲ್ಲಿ ನನ್ನ ಮಗನಿಗೆ ಒಂಬತ್ತು ವರ್ಷ. ಮಗಳು ಕೂತಲ್ಲೇ ಕೂತು ಓದೋಳು, ಇವನು ಹತ್ತು ನಿಮಿಷ ಕೂತ್ರೆ ಹೆಚ್ಚು, ಆದ್ರೂ ಇಬ್ಬರಿಗೂ ಒಂದೇ ಟ್ಯೂಷನ್, ಸಾಲದ್ದಕ್ಕೆ ದಿನಾ ನನ್ನ ಬಾಯಲ್ಲಿ "ಅಕ್ಕನ್ನ ನೋಡಿ ಕಲಿ". ಸಂಜೆ ಐದು ಗಂಟೆ ಆದ್ರೆ ಸಾಕು ಹೊಟ್ಟೆನೋವು ಅಂತಿದ್ದ, ಡಾಕ್ಟರಿಗೆ ತೋರಿಸಿದ್ರೆ ಏನೂ ಇಲ್ಲ ಅಂದ್ರು. ಅವತ್ತು ರಾತ್ರಿ ಏಸಾವನ ಕಥೆ ಇನ್ನೊಂದ್ಸಲ ತೆಗೆದು ಓದ್ದೆ, ಅತ್ತುಬಿಟ್ಟೆ.

ಆಗ ಕಣ್ಣಿಗೆ ಬಿದ್ದಿದ್ದು ಮುಂದಿನ ಸಾಲು, ಆದಿಕಾಂಡ 25:28. ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ರೆಬೆಕ್ಕನಿಗೆ ಯಾಕೋಬನ ಮೇಲೆ ಪ್ರೀತಿ. ಅಂದ್ರೆ ಆ ಮನೇಲಿ ಪಾಠ ಇಬ್ಬರಿಗೂ ಒಂದೇ ಇತ್ತು, ಪ್ರೀತಿ ಮಾತ್ರ ಪಾಲಾಗಿತ್ತು! ಆಗಬೇಕಾಗಿದ್ದು ಉಲ್ಟಾ ಅಲ್ವಾ, ಪ್ರೀತಿ ಒಂದೇ ಸಮ, ಕಲಿಸೋದು ಬೇರೆ ಬೇರೆ. (ಇದು ನಾನು ಓದಿ ಅಂದ್ಕೊಂಡಿದ್ದು, ಭಾಷ್ಯಕಾರರ ಮಾತು ಅಂತ ತಗೋಬೇಡಿ.) ಕೊನೆಗೆ ಏನಾಗುತ್ತೆ, ಕಣ್ಣು ಮಂಜಾದ ಮುದುಕ ಇಸಾಕನಿಂದ ಯಾಕೋಬ ಅಮ್ಮನ ಸಹಾಯದಿಂದ ಮೋಸ ಮಾಡಿ ಆಶೀರ್ವಾದ ತಗೋತಾನೆ, ಏಸಾವ ಬೇಟೆಯಿಂದ ವಾಪಸ್ ಬಂದು, ಅಪ್ಪಾ ನಿನ್ನ ಹತ್ರ ಇರೋದು ಒಂದೇ ಆಶೀರ್ವಾದಾನಾ, ನನಗೂ ಮಾಡಪ್ಪಾ ಅಂತ ಜೋರಾಗಿ ಅಳ್ತಾನೆ. ಅಷ್ಟು ದೊಡ್ಡ ಬೇಟೆಗಾರ ಮಗುವಿನ ಹಾಗೆ ಅಳೋದು ಓದಿದಾಗ ಈಗಲೂ ಕರುಳು ಚುರ್ ಅನ್ನುತ್ತೆ.

ಪ್ರೀತಿಯಲ್ಲಿ ಭೇದ ಮಾಡಬಾರದು ಅನ್ನೋದನ್ನ ತಾಲ್ಮೂದ್ (ರಬ್ಬಿಗಳ ಚರ್ಚೆಗಳ ದೊಡ್ಡ ಗ್ರಂಥ) ಯೋಸೇಫನ ಕಥೆ ಇಟ್ಕೊಂಡು ನೇರವಾಗೇ ಹೇಳುತ್ತೆ. ಯಾಕೋಬ ತಾನು ಅಪ್ಪ ಆದಮೇಲೆ ಯೋಸೇಫನಿಗೆ ಬೇರೆ ಮಕ್ಕಳಿಗಿಂತ ಎರಡು ಸೆಲಾ (ಆಗಿನ ಒಂದು ನಾಣ್ಯ) ತೂಕದಷ್ಟು ನಯವಾದ ಉಣ್ಣೆ ಜಾಸ್ತಿ ಕೊಟ್ಟ, ಅಣ್ಣಂದಿರಿಗೆ ಹೊಟ್ಟೆಕಿಚ್ಚಾಯ್ತು, ಅದು ಬೆಳೆದೂ ಬೆಳೆದೂ ನಮ್ಮ ಹಿರಿಯರೆಲ್ಲ ಈಜಿಪ್ಟಿಗೆ ಇಳಿಯೋ ಹಾಗಾಯ್ತು ಅಂತ. ಒಂದು ಇಡೀ ಜನಾಂಗ ಅಲ್ಲಿ ಅನುಭವಿಸಿದ ಗುಲಾಮಗಿರಿಯ ಶುರುವನ್ನ ಒಂದು ಅಂಗಿಯ ಉಣ್ಣೆ ಹತ್ರ ಹುಡುಕ್ತಾರೆ ನೋಡಿ.

ಹಾಗಂತ ಮಕ್ಕಳ ಪಾಡಿಗೆ ಮಕ್ಕಳನ್ನ ಬಿಟ್ಟುಬಿಡಿ ಅಂತ ಅವರು ಹೇಳಲ್ಲ. ದಾವೀದ ರಾಜನ ಮಗ ಅದೋನೀಯ ಅಪ್ಪ ಬದುಕಿದ್ದಾಗಲೇ ತಾನೇ ರಾಜ ಅಂತ ಹೊರಟ, ಕೊನೆಗೆ ರಾಜನಾದ ತಮ್ಮ ಸೊಲೊಮೋನನ ಆಜ್ಞೆಯಿಂದ ಸತ್ತ. ಅವನ ಬಗ್ಗೆ ಅರಸುಗಳ ಮೊದಲನೇ ಪುಸ್ತಕದಲ್ಲಿ ಒಂದು ಮಾತಿದೆ, ಯಾಕೆ ಹೀಗೆ ಮಾಡಿದೆ ಅಂತ ಅಪ್ಪ ಅವನನ್ನ ಯಾವತ್ತೂ ಕೇಳಿ ನೋಯಿಸಿರಲಿಲ್ಲ ಅಂತ. ಮಗನನ್ನ ತಿದ್ದದೇ ಇರೋನು ಅವನನ್ನ ಸಾವಿನ ಕಡೆ ಕರ್ಕೊಂಡು ಹೋಗ್ತಾನೆ ಅಂತ ರಾಶೀ ಅಲ್ಲಿ ಬರೀತಾನೆ. ತಿದ್ದೋದು ಹೇಗೆ ಅಂದ್ರೆ, ಎಡಗೈ ದೂರ ತಳ್ಳಲಿ, ಬಲಗೈ ಹತ್ತಿರ ಎಳ್ಕೊಳ್ಳಲಿ ಅನ್ನುತ್ತೆ ತಾಲ್ಮೂದ್. ಬಲಗೈಗೇ ಶಕ್ತಿ ಜಾಸ್ತಿ ತಾನೆ.

ಅದೇ ಶಾಸ್ತ್ರದ ಧರ್ಮೋಪದೇಶಕಾಂಡ ಅನ್ನೋ ಪುಸ್ತಕದಲ್ಲಿ ಮೊಂಡ ಮಗನಿಗೆ ಮರಣದಂಡನೆ ಅಂತ ಒಂದು ಭಯಾನಕ ಕಾನೂನಿದೆ. ಅದಕ್ಕೆ ರಬ್ಬಿಗಳು ಷರತ್ತಿನ ಮೇಲೆ ಷರತ್ತು ಹಾಕಿ, ಇಂಥದ್ದು ಯಾವತ್ತೂ ನಡೆದಿಲ್ಲ ನಡೆಯೋದೂ ಇಲ್ಲ ಅಂತಾರೆ. ಅದರಲ್ಲಿ ರಬ್ಬಿ ಯೆಹೂದ ಹಾಕೋ ಷರತ್ತು ನೋಡಿ, ಅಪ್ಪ ಅಮ್ಮನ ದನಿ ಒಂದೇ ಥರ ಇರಬೇಕಂತೆ! ಯಾಕಂದ್ರೆ ಅವರು "ನಮ್ಮ ದನಿ ಕೇಳಲ್ಲ" ಅಂತ ದೂರು ಕೊಡೋ ಕಡೆ ದನಿ ಅನ್ನೋದು ಏಕವಚನದಲ್ಲಿದೆ. ನಮ್ಮನೇಲಿ ನಾನೊಂದು ಹೇಳ್ತೀನಿ ಅವರಪ್ಪ ಇನ್ನೊಂದು ಹೇಳ್ತಾರೆ, ಹಾಗಿರುವಾಗ ಮಗು ಮಾತು ಕೇಳಲ್ಲ ಅಂತ ದೂರೋ ಹಕ್ಕು ನಮಗೆ ಎಲ್ಲಿದೆ ಅಂತ ಅವತ್ತಿಂದ ಯೋಚನೆ ಹತ್ತಿದೆ.

ಇನ್ನೂ ಸಣ್ಣ ಸಣ್ಣವು ಬೇಕಾದಷ್ಟಿವೆ. ಮಗುವಿಗೆ ಕೊಡ್ತೀನಿ ಅಂತ ಹೇಳಿ ಕೊಡದೇ ಇರಬೇಡ, ಅದರಿಂದ ಸುಳ್ಳು ಹೇಳೋದು ಕಲಿಸಿದ ಹಾಗಾಗುತ್ತೆ ಅಂತ ರಬ್ಬಿ ಜೇರಾ. ಅಪ್ಪನ ಕರ್ತವ್ಯಗಳಲ್ಲಿ ತೋರಾ (ಅವರ ಮೂಲ ಧರ್ಮಗ್ರಂಥ) ಕಲಿಸೋದರ ಜೊತೆಗೆ ಒಂದು ಕಸುಬು ಕಲಿಸೋದೂ ಸೇರಿದೆ, ಈಜು ಕಲಿಸಬೇಕು ಅಂತಾನೂ ಕೆಲವರು ಸೇರಿಸ್ತಾರೆ, ಜೀವ ಉಳಿಯೋದು ಅದರಿಂದ ಅಂತ.

ನನ್ನ ಮಗನ ಟ್ಯೂಷನ್ ಬಿಡಿಸ್ದೆ. ಈಗ ಶನಿವಾರ ಅವನ ಮಾವನ ಮರಗೆಲಸದ ಶೆಡ್‌ಗೆ ಹೋಗ್ತಾನೆ, ಅಳತೆ ಟೇಪ್ ಹಿಡಿದು ಭಿನ್ನರಾಶಿ ಅಲ್ಲೇ ಸ್ವಲ್ಪ ಸ್ವಲ್ಪ ಅರ್ಥ ಆಗ್ತಿದೆ, ಮಾರ್ಕ್ಸ್ ಇನ್ನೂ ಕಮ್ಮೀನೇ ಬರುತ್ತೆ, ಹೊಟ್ಟೆನೋವು ಮಾತ್ರ ಹೋಗಿದೆ.

ಎಲ್ಲಿಂದ ಶುರು ಅಂತ ಕೇಳಿದ್ರಲ್ಲ, ಕನ್ನಡ ಬೈಬಲ್‌ನಲ್ಲೇ ಆದಿಕಾಂಡ 25ರಿಂದ 27 ನಿಧಾನವಾಗಿ ಓದಿ, ಆಮೇಲೆ ಅದೇ ಭಾಗಕ್ಕೆ ರಾಶೀ, ಅದಾದ ಮೇಲೆ ಹಿರ್ಶ್. ಗಂಡ ಹೆಂಡತಿ ಒಟ್ಟಿಗೆ ಕೂತು ಓದಿದ್ರೆ ಇನ್ನೂ ಒಳ್ಳೇದು, ನಾವು ಓದಿದ್ದು ಹಾಗೇ.