ಆಸ್ಪತ್ರೆಗೆ ತನ್ನದೇ ಪೊಲೀಸರು ಬೇಕೆ?

ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿಯಾದ ತಮ್ಮ ಪತ್ರ ತಲುಪಿದೆ. ರಾತ್ರಿ ಪಾಳಿಯಲ್ಲಿ ರೋಗಿಯ ಕಡೆಯವರು ತಮ್ಮ ಮೇಲೆ ಕೈಮಾಡಿದಾಗ ಬಾಗಿಲಲ್ಲಿದ್ದ ಖಾಸಗಿ ಏಜೆನ್ಸಿಯ ಕಾವಲುಗಾರ ಸುಮ್ಮನೆ ನಿಂತಿದ್ದನೆಂದೂ, ಠಾಣೆಯವರು ಬಂದದ್ದು ಎಲ್ಲ ಮುಗಿದ ಮೇಲೆಂದೂ ತಿಳಿಸಿ, ಸರ್ಕಾರಿ ಆಸ್ಪತ್ರೆಗಳಿಗೆ ತಮ್ಮದೇ ಪೊಲೀಸರನ್ನು ಏಕೆ ಕೊಡಬಾರದೆಂದು ಕೇಳಿದ್ದೀರಿ. ಕೊಡಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಯಾವ ಪೊಲೀಸರನ್ನು, ಯಾವ ಕೆಲಸಕ್ಕೆ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ಕಾನೂನಿಗೆ ಇಲ್ಲಿ ಬರವಿಲ್ಲ. ವೈದ್ಯರ ಮೇಲಷ್ಟೇ ಅಲ್ಲದೆ ಶುಶ್ರೂಷಕರು, ಅರೆವೈದ್ಯಕೀಯ ಸಿಬ್ಬಂದಿ, ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾರ್ಥಿಗಳ ಮೇಲೆ ನಡೆಯುವ ಹಲ್ಲೆಯನ್ನೂ 2009ರ ರಾಜ್ಯ ಕಾಯ್ದೆ ಜಾಮೀನುರಹಿತ ಅಪರಾಧವಾಗಿಸಿದೆ. ಕಾಯ್ದೆ ಕೈಗೆ ಬರುವುದು ಏಟು ಬಿದ್ದ ಮೇಲೆ.

ದೊಡ್ಡ ಆಸ್ಪತ್ರೆಗಳಲ್ಲಿ ಪೊಲೀಸ್ ಔಟ್‌ಪೋಸ್ಟ್ ಇರುವುದುಂಟು. ಅಪಘಾತ, ಹೊಡೆದಾಟ, ವಿಷಸೇವನೆಯಂಥ, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು, ಅಂದರೆ ಎಂಎಲ್‌ಸಿಗಳನ್ನು ಬರೆದುಕೊಂಡು ಆಯಾ ಠಾಣೆಗೆ ಮುಟ್ಟಿಸುವುದರಲ್ಲೇ ಅಲ್ಲಿನವರ ಪಾಳಿ ಕಳೆಯುತ್ತದೆ. ಮೈಸೂರಿನಲ್ಲಿ ದಸರಾ, ಮಂಡ್ಯದಲ್ಲಿ ಕಾವೇರಿ ಚಳವಳಿ ಎಂದರೆ ಬಂದೋಬಸ್ತಿಗೆ ಹೊರಡಬೇಕಾದವರೂ ಪೊಲೀಸರೇ. ಠಾಣೆಯಿಂದ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಎರವಲು ತಂದರೆ, ಬೇಕಾದ ದಿನ ಅವರು ಅಲ್ಲಿರಲಾರರು.

ಇದ್ದರೂ ಸಾಲದೆಂಬುದಕ್ಕೆ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯನ್ನು ನೆನೆಯಬೇಕು. 2023ರ ಮೇ 10ರಂದು ಅಲ್ಲಿ ಯುವ ವೈದ್ಯೆಯನ್ನು ಕೊಂದವನನ್ನು ಚಿಕಿತ್ಸೆಗೆ ಕರೆತಂದಿದ್ದವರು ಪೊಲೀಸರೇ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ನಡೆದ ಕೊಲೆಗೆ ಶಿಕ್ಷೆಗೊಳಗಾದವನಂತೂ ಪೊಲೀಸರ ಜೊತೆಗೇ ಕೆಲಸಮಾಡುತ್ತಿದ್ದ ಸ್ವಯಂಸೇವಕ. ಆ ಪ್ರಕರಣದ ನಂತರ ಅಲ್ಲಿಯ ಕಾವಲಿಗೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಬಂತು. ಅಂಥದ್ದೇ ಪಡೆಯೊಂದು ನಮ್ಮ ರಾಜ್ಯಕ್ಕೂ ಇದೆ. ತಮ್ಮ ಜಿಲ್ಲೆಯ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಾಯುವವರು ಅದರವರೇ. ಕಟ್ಟೆಗೆ ಸಿಕ್ಕ ಕಾವಲು ತುರ್ತು ಚಿಕಿತ್ಸಾ ಘಟಕಕ್ಕೂ ಹೆರಿಗೆ ವಾರ್ಡಿಗೂ ಸಿಗಲಿ ಎಂದರೆ ದುರಾಸೆಯೇನಲ್ಲ. ಠಾಣೆಯ ಕೆಲಸವಿಲ್ಲದ, ಪಾಳಿಯುದ್ದಕ್ಕೂ ಅಲ್ಲೇ ಇರುವ, ರೋಗಿಯೊಬ್ಬರ ಜೊತೆ ಹತ್ತು ಮಂದಿ ಒಳನುಗ್ಗದಂತೆ ತಡೆಯುವ ಸಿಬ್ಬಂದಿ ಬೇಕು.

ಇಲ್ಲೊಂದು ಅಳುಕೂ ನಮಗಿದೆ. ವಿಷ ಕುಡಿದವರನ್ನು ‘ಪೊಲೀಸ್ ಕೇಸ್ ಆಗುತ್ತದೆ’ ಎಂದು ಹೆದರಿ ಮನೆಯವರು ಆಸ್ಪತ್ರೆಗೆ ತರಲು ತಡಮಾಡುವುದನ್ನು ತಾವೇ ಕಂಡಿರುತ್ತೀರಿ. ಗಂಡನಿಂದ ಏಟು ತಿಂದು ಬಂದವಳು ಬಾಗಿಲಲ್ಲಿ ಖಾಕಿ ಕಂಡು ‘ಜಾರಿ ಬಿದ್ದೆ’ ಎಂದುಬಿಡಬಹುದು. ಆದ್ದರಿಂದ ಕಾಯುವವರು ಬೇರೆ, ವಿಚಾರಣೆ ನಡೆಸುವವರು ಬೇರೆಯಾಗಿರಬೇಕು. ಕಾಯುವವರು ಹಾಸಿಗೆಯ ಬಳಿ ಬರಬಾರದು.

ರಾಜಿಯಾಗಿಬಿಡಿ ಎಂದು ಹಿರಿಯರು ಒತ್ತಾಯಿಸುತ್ತಿದ್ದಾರೆಂದೂ ಬರೆದಿದ್ದೀರಿ. ಕರ್ತವ್ಯದಲ್ಲಿದ್ದವರ ಮೇಲೆ ಹಲ್ಲೆಯಾದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್ 16ರಂದು ಸೂಚಿಸಿದ್ದರ ಹಿಂದೆ, ದೂರಿನ ಭಾರ ಏಟು ತಿಂದವರೊಬ್ಬರ ಮೇಲೇ ಬೀಳದಿರಲಿ ಎಂಬ ವಿವೇಕವಿದೆ. ತಮ್ಮ ದೂರನ್ನು ಮುಖ್ಯಸ್ಥರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಾಗುವವರೆಗೆ ಯಾವ ಮುಚ್ಚಳಿಕೆಗೂ ಸಹಿ ಹಾಕಬೇಡಿ.

— ಸಂಪಾದಕ