ಕೈ ಕಟ್ಟಿ ನಿಂತವನು ಆನಂದನೇ?

ಪ್ರಶ್ನೆ: ಶ್ರೀಲಂಕಾಕ್ಕೆ ಹೋಗಿಬಂದ ನೆಂಟರು ಪೊಲೊನ್ನರುವದ ಗಲ್ ವಿಹಾರದ ಫೋಟೊ ತೋರಿಸಿದರು. ಮಲಗಿದ ಬುದ್ಧನ ತಲೆದೆಸೆಯಲ್ಲಿ ಎದೆಯ ಮೇಲೆ ಕೈ ಕಟ್ಟಿ ನಿಂತ ವಿಗ್ರಹವಿದೆ. ಅದು ಶಿಷ್ಯ ಆನಂದ ಎಂದು ಗೈಡ್ ಹೇಳಿದನಂತೆ. ನಿಜವೇ? ಗುಹೆಗಳಲ್ಲಿ ಶಿಷ್ಯರನ್ನು ಗುರುತಿಸುವುದು ಹೇಗೆ?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಬಹುಕಾಲ ಹಾಗೆಯೇ ನಂಬಿದ್ದರು. ಪರಿನಿರ್ವಾಣದ, ಅಂದರೆ ಬುದ್ಧನ ಕೊನೆಯುಸಿರಿನ, ಹೊತ್ತಿಗೆ ಆನಂದ ಬಾಗಿಲಿಗೆ ಒರಗಿ ಅತ್ತನೆಂದು ಪಾಲಿ ಭಾಷೆಯ ಬೌದ್ಧ ಸುತ್ತ (ಸೂತ್ರಗ್ರಂಥ) ಹೇಳುತ್ತದೆ. ಈ ನಿಂತ ವಿಗ್ರಹದ ಮುಖದಲ್ಲೂ ದುಃಖವಿದೆ. ಆದರೆ ಸುಮಾರು 23 ಅಡಿಯ ಆ ವಿಗ್ರಹದ ತಲೆಯಲ್ಲಿ ಗುಂಗುರು ಕೂದಲಿದೆ, ಕಾಲಡಿ ಪದ್ಮಪೀಠವಿದೆ; ಇವೆರಡೂ ಸೇರಿದರೆ ಶಿಷ್ಯನಿಗಿಂತ ಬುದ್ಧನಿಗೇ ಹೊಂದುತ್ತವೆ. ಇದಕ್ಕಿಂತ ಬಲವಾದ ಸಾಕ್ಷಿ ನೆಲದಲ್ಲಿದೆ. ಎರಡು ವಿಗ್ರಹಗಳ ನಡುವೆ ಗೋಡೆಯ ಅಡಿಪಾಯ ಸಿಕ್ಕಿದೆ. ಅಂದರೆ ಒಂದೊಂದಕ್ಕೂ ಬೇರೆ ಬೇರೆ ಗುಡಿಯಿತ್ತು, ಎರಡೂ ಸೇರಿ ಒಂದೇ ದೃಶ್ಯವಲ್ಲ. ಹಾಗಾಗಿ ಅದು ಬುದ್ಧನೇ ಎಂಬುದು ಈಗ ಹೆಚ್ಚಿನ ವಿದ್ವಾಂಸರ ಮತ. ಪರರ ದುಃಖಕ್ಕೆ ಮರುಗುವ ಮುದ್ರೆ ಅದು ಎಂದು ಪುರಾತತ್ತ್ವಜ್ಞ ಪರಣವಿತಾನ ವಾದಿಸಿದರು. ನಮಗೂ ಅದೇ ಒಪ್ಪುತ್ತದೆ.

ಗುರುತಿಸುವಾಗ ಮೊದಲು ತಲೆ ನೋಡಿ. ಶಿಷ್ಯನದು ಬೋಳುತಲೆ, ಬುದ್ಧನಿಗಿರುವ ನೆತ್ತಿಯ ಉಬ್ಬಾದ ಉಷ್ಣೀಷ ಇವನಿಗಿಲ್ಲ. ಕಿರೀಟ, ಹಾರ, ತೋಳಬಂದಿ ಇದ್ದರೆ ಸಾಮಾನ್ಯವಾಗಿ ಬೋಧಿಸತ್ತ್ವ, ಅಂದರೆ ಬುದ್ಧನಾಗುವ ಹಾದಿಯಲ್ಲಿರುವವನು. ಪ್ರಭಾವಳಿಯನ್ನಾಗಲಿ ಪೀಠವನ್ನಾಗಲಿ ಒಂದನ್ನೇ ನಂಬಬೇಡಿ. ಚೀನಾದ ಗುಹೆಗಳಲ್ಲಿ ಶಿಷ್ಯರಿಗೂ ಅವೆರಡೂ ಉಂಟು. ಅಲ್ಲಿ ಬುದ್ಧನ ಅಕ್ಕಪಕ್ಕ ನಿಲ್ಲುವ ಜೋಡಿ ಸಾಮಾನ್ಯವಾಗಿ ಕಾಶ್ಯಪ ಮತ್ತು ಆನಂದ. ದುಂಡುಮುಖದ ನುಣುಪುಗೆನ್ನೆಯ ತರುಣ ಆನಂದ. ಕಾಶ್ಯಪ ಕಠೋರ ವ್ರತದ ಮುದುಕ: ಸುಕ್ಕು ಹಣೆ, ಎದ್ದು ಕಾಣುವ ಕೊರಳೆಲುಬು, ಪಕ್ಕೆಲುಬು. ಮುಖ ಒಡೆದಿದ್ದರೆ ಕತ್ತು ನೋಡಿ, ನರ ಬಿಗಿದಿದ್ದರೆ ಕಾಶ್ಯಪ. 675ರಲ್ಲಿ ಮುಗಿದ ಲಾಂಗ್‌ಮೆನ್‌ನ ಫೆಂಗ್‌ಷಿಯನ್ ಗುಹೆಯಲ್ಲಿ 17 ಮೀಟರ್ ಎತ್ತರದ ಬುದ್ಧನ ಪಕ್ಕ ಈ ಜೋಡಿಯಿದೆ. ಕಾಶ್ಯಪ ತುಂಬ ಹಾಳಾಗಿದ್ದಾನೆ, ಆನಂದ ಉಳಿದಿದ್ದಾನೆ. ಲಾಂಗ್‌ಮೆನ್‌ನದು ಸುಣ್ಣಕಲ್ಲು, ಉಳಿಗೆ ಸಲೀಸಾಗಿ ಬಗ್ಗುತ್ತದೆ. ಗಲ್ ವಿಹಾರದ್ದು ನಿಮ್ಮ ಆನೆಗೊಂದಿ ಬಂಡೆಗಳಂತೆ ಗಡಸು ಕಲ್ಲು. ಅದರಲ್ಲಿ ಅಷ್ಟು ಮೃದುವಾದ ಮುಖ ತೆಗೆದ ಕೈಗಳಿಗೆ ಶರಣು!

ಪ್ರಶ್ನೆ: ನಮ್ಮ ಮಸ್ಕಿ ಶಾಸನದಲ್ಲಿ ಬುದ್ಧನ ಶಿಷ್ಯರ ಹೆಸರಿದೆಯೇ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಇಲ್ಲ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ. ಶಿಷ್ಯನ ಹೆಸರು ಬೇಕಾದರೆ ರಾಜಸ್ಥಾನದ ಬೈರಾಟ್ ಶಾಸನ ಓದಬೇಕು. ಭಿಕ್ಷುಗಳು ಓದಲೆಂದು ಅಶೋಕ ಸೂಚಿಸಿದ ಪಾಠಗಳಲ್ಲಿ 'ಉಪತಿಸ ಪಸಿನೆ', ಅಂದರೆ ಉಪತಿಸ್ಸನ ಪ್ರಶ್ನೆ, ಒಂದು. ಉಪತಿಸ್ಸ ಎಂಬುದು ಸಾರಿಪುತ್ರನ ಇನ್ನೊಂದು ಹೆಸರು.