"ಯಾವ ಕೆಲಸ ಕೊಟ್ಟರೂ ಮಾಡ್ತೀನಿ" ಅಂತ ಜಪಾನಿನ ಕಂಪನಿಗೆ ಹೇಳಬೇಡಿ

ಪ್ರಶ್ನೆ: ನಾನು ಬಳ್ಳಾರಿಯವನು. ಮೆಕ್ಯಾನಿಕಲ್ ಬಿ.ಇ. ಮುಗಿಸಿ ನಾಲ್ಕು ವರ್ಷದಿಂದ ತೋರಣಗಲ್ಲು ಕಡೆ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಜಪಾನಿ ಭಾಷೆಯ ಎನ್4 ಮಟ್ಟದ ಪರೀಕ್ಷೆ ಪಾಸಾಗಿದೆ. ಜಪಾನಿನ ಕಂಪನಿಗಳಿಗೆ ಮೂವತ್ತು ಅರ್ಜಿ ಹಾಕಿದೆ, ಒಂದೇ ಒಂದು ಆನ್‌ಲೈನ್ ಸಂದರ್ಶನ ಬಂತು. ಯಾವ ಕೆಲಸ ಕೊಟ್ಟರೂ ಮಾಡ್ತೀನಿ ಸರ್ ಅಂದೆ. ನಗುನಗುತ್ತಲೇ "ಪರಿಶೀಲಿಸುತ್ತೇವೆ" ಅಂದರು. ಮೂರು ವಾರ ಆಯ್ತು, ಸುದ್ದಿಯಿಲ್ಲ. ಕಾಯಲಾ? ಇಲ್ಲೊಬ್ಬ ಏಜೆಂಟ್ ಮೂರು ಲಕ್ಷ ಕೊಟ್ಟರೆ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾನೆ.

ಉತ್ತರ: ಕಾಯಬೇಡಿ. ಹೆಣ್ಣು ನೋಡಲು ಬಂದವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದರೆ ನಮಗೆ ಅರ್ಥ ಆಗುತ್ತದೆ, ಅಲ್ವಾ? ಜಪಾನಿನವರ ‘ಕೆಂತೊ ಶಿಮಾಸು’ (ಪರಿಶೀಲಿಸುತ್ತೇವೆ) ಬಹಳ ಸಲ ಅದೇ. ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದು ಅವರ ರೂಢಿಯಲ್ಲ. ಒಂದು ಸಣ್ಣ ಮೇಲ್ ಹಾಕಿ ವಿಚಾರಿಸಿ, ಫೋನ್ ಮೇಲೆ ಫೋನ್ ಮಾಡಬೇಡಿ.

ನನ್ನನ್ನು ಜಾಸ್ತಿ ಕಾಡಿದ್ದು ನೀವು ಹೇಳಿದ ಆ ಮಾತು. ನಮ್ಮಲ್ಲಿ ಅದು ವಿನಯ. ಹಾಗೆ ಹೇಳಿಯೇ ನಮ್ಮ ಅಪ್ಪಂದಿರು ಮೇಸ್ತ್ರಿ ಮುಂದೆ ನಿಂತು ಕೆಲಸ ಹಿಡಿದರು. ಅಲ್ಲಿ ಅದೇ ಮಾತು ಕೇಳಿದವರಿಗೆ, ಈ ಹುಡುಗ ನಮ್ಮ ಕಂಪನಿ ಏನು ಮಾಡುತ್ತದೆ ಅಂತ ನೋಡಿಯೇ ಇಲ್ಲ ಅನಿಸುತ್ತದೆ. ಅವರ ಅರ್ಜಿ ನಮೂನೆ ‘ರಿರೆಕಿಶೊ’ದಲ್ಲಿ ಇದಕ್ಕೇ ಒಂದು ಜಾಗ ಇರುತ್ತದೆ: ಇದೇ ಕಂಪನಿ ಯಾಕೆ? ಮೂವತ್ತು ಕಡೆಗೂ ಒಂದೇ ಉತ್ತರ ಕಳಿಸಿದ್ದರೆ ಗೊತ್ತಾಗಿಬಿಡುತ್ತದೆ. ಆರೇ ಕಂಪನಿ ಆರಿಸಿಕೊಳ್ಳಿ, ಒಂದೊಂದಕ್ಕೂ ಹೊಸದಾಗಿ ಬರೆಯಿರಿ.

ಆ ನಮೂನೆಯ ಫೋಟೋ 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ. ಓದು, ಕೆಲಸ ಎರಡನ್ನೂ ತಿಂಗಳು ಸಮೇತ ಹಳೆಯದರಿಂದ ಹೊಸದಕ್ಕೆ ಬರೆಯಬೇಕು. ಬ್ಯಾಕ್‌ಲಾಗ್ ಇದ್ದು ವರ್ಷ ಮನೆಯಲ್ಲಿ ಕೂತಿದ್ದರೆ ಮುಚ್ಚಿಡಬೇಡಿ.

ಕೆಲಸದ ವಿವರಕ್ಕೆ ‘ಶೊಕುಮು ಕೆಇರೆಕಿಶೊ’ ಅಂತ ಬೇರೆ ಹಾಳೆ ಇದೆ, ನಿಮ್ಮ ಶಕ್ತಿ ಇರುವುದು ಅಲ್ಲೇ. ‘ಕನ್ವೇಯರ್ ನೋಡಿಕೊಳ್ಳುತ್ತಿದ್ದೆ’ ಅಂತ ಸುಮ್ನೆ ಬರೆದರೆ ಸಾಲದು. ರಾತ್ರಿ ಪಾಳಿಯಲ್ಲಿ ರೋಲರ್ ಬೇರಿಂಗಿನ ಸದ್ದು ಬದಲಾದದ್ದು ಹೇಗೆ ಗೊತ್ತಾಯ್ತು, ಬೆಲ್ಟ್ ಎಷ್ಟು ಹೊತ್ತು ನಿಂತಿತು, ಮತ್ತೆ ಹಾಗಾಗದಂತೆ ಗ್ರೀಸ್ ಹಾಕುವ ಕ್ರಮದಲ್ಲಿ ಏನು ಬದಲಿಸಿದಿರಿ, ಇಷ್ಟನ್ನು ನಡೆದಂತೆ ಬರೆಯಿರಿ. ಕಾರ್ಖಾನೆ ಗೋಡೆ ಮೇಲೆ ‘ಕೈಜೆನ್’ (ಸ್ವಲ್ಪ ಸ್ವಲ್ಪವಾಗಿ ಸುಧಾರಿಸುತ್ತಾ ಹೋಗುವುದು) ಅಂತ ಬರೆದಿರುತ್ತಾರಲ್ಲ, ಅದು ಇದೇ.

ಎಂಜಿನಿಯರ್ ವೀಸಾಕ್ಕೆ ನಿಮ್ಮ ಡಿಗ್ರಿ ಆಧಾರವಾಗುತ್ತದೆ. ಎನ್4 ಮಾತ್ರ ಕಡಿಮೆ, ಎಷ್ಟೋ ಕಂಪನಿಗಳು ಎನ್2 ಕೇಳುತ್ತವೆ (ಅಂಕೆ ಇಳಿದಷ್ಟೂ ಮಟ್ಟ ಮೇಲೆ). ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ, ಬೆಂಗಳೂರಲ್ಲೇ ಬರೆಯಬಹುದು. ಏಪ್ರಿಲ್ 1ಕ್ಕೆ ಒಟ್ಟಿಗೆ ಸೇರಿಸಿಕೊಳ್ಳುವುದು ಹೊಸದಾಗಿ ಓದು ಮುಗಿಸಿದವರನ್ನು. ನಿಮ್ಮಂಥ ಅನುಭವ ಇದ್ದವರನ್ನು ವರ್ಷವಿಡೀ ತೆಗೆದುಕೊಳ್ಳುತ್ತಾರೆ.

ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ವಲಸೆ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವಂತಿಲ್ಲ. ನೋಂದಣಿ ಇದೆಯಾ ಅಂತ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ಜಪಾನಿನ ಏಜೆನ್ಸಿಗಳಂತೂ ಸಾಮಾನ್ಯವಾಗಿ ಕಂಪನಿಯಿಂದಲೇ ಹಣ ಪಡೆಯುತ್ತವೆ. ಮನೆಯಲ್ಲಿ ಯಾರಾದರೂ ಹೊಲ ಅಡ ಇಡೋಣ ಅಂದರೆ ದಯವಿಟ್ಟು ತಡೆಯಿರಿ.

ಮುಂದಿನ ಸಂದರ್ಶನದ ಕೊನೆಗೆ "ಏನಾದರೂ ಕೇಳುವುದಿದೆಯಾ" ಅಂತಾರೆ. ಇಲ್ಲ ಅನ್ನಬೇಡಿ, ಅವರ ಯಂತ್ರಗಳ ಬಗ್ಗೆ ಎರಡು ಪ್ರಶ್ನೆ ಇಟ್ಟುಕೊಳ್ಳಿ. ಅಲ್ಲಿಯ 10 ಗಂಟೆ ಅಂದರೆ ನಮಗೆ ಬೆಳಿಗ್ಗೆ ಆರೂವರೆ. ಆರೂ ಕಾಲಿಗೆಲ್ಲ ತಯಾರಾಗಿ ಕೂತಿರಿ. ಕರೆಂಟ್ ಹೋದರೆ ಇರಲಿ ಅಂತ ಮೊಬೈಲ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ.